ಹಸಿರು ಅಂಗಿಯ ಮೇಲೆ ತೊಗರಿಯ ಎಲೆ



2024ರ ನವೆಂಬರ್ ತಿಂಗಳ ಮೊದಲ ವಾರ. ಕಲಬುರಗಿಯ ವೃತ್ತಗಳಲ್ಲಿ ಕಟ್ಟಿದ್ದ ರಾಜ್ಯೋತ್ಸವದ ಹಳದಿ-ಕೆಂಪು ಪತಾಕೆಗಳನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮೊಮ್ಮಗ ಒಂದು ರಾತ್ರಿ ದೂರವಾಣಿ ಮಾಡಿದನು.

"ಮುತ್ಯಾ, ಮಾರ್ಚ್ ಹದಿನೇಳಕ್ಕ ಇಲ್ಲಿ ದೊಡ್ಡ ಹಬ್ಬ ಅದ. ಊರಿಗೆ ಊರೇ ಹಸಿರು ಬಟ್ಟಿ ಹಾಕ್ಕೊಂಡು ಬೀದಿಗೆ ಬರ್ತದ. ನಮ್ಮ ಕನ್ನಡದ ಹುಡುಗ್ರಿಗೆಲ್ಲ ಒಂದೇ ನಮೂನಿ ಹಸಿರು ಟೀ-ಶರ್ಟ್ ಮಾಡಿಸಬೇಕಂತ ಮಾಡೀವಿ. ಮ್ಯಾಲ ಏನು ಚಿತ್ರ ಇರಬೇಕು, ಏನು ಬರಿಬೇಕು ನೀವು ಹೇಳ್ರಿ. ಅಲ್ಲೇ ಅಚ್ಚು ಹಾಕಿಸಿದ್ರ ಅಪ್ಪ-ಅವ್ವ ಬರೂ ಮುಂದ ತರ್ತಾರ."

ಹುಡುಗರು ಒಟ್ಟು ಹದಿನಾಲ್ಕು ಮಂದಿ. ಧಾರವಾಡದವರು, ಮೈಸೂರಿನವರು, ಮಂಗಳೂರಿನವರು, ನಮ್ಮ ಕಡೆಯ ಇಬ್ಬರು. ಅವರ ತಂದೆತಾಯಿಗಳು ಸೇರಿ ಮಾಡಿದ ಒಂದು ಕರಡು ಚಿತ್ರವನ್ನೂ ಮರುದಿನ ಕಳಿಸಿದನು. ಕರ್ನಾಟಕದ ನಕ್ಷೆ, ಅದರೊಳಗೆ ಮೈಸೂರಿನ ಅರಮನೆ, ಹಂಪೆಯ ಕಲ್ಲಿನ ರಥ, ಜೋಗದ ಜಲಪಾತ. ಚೆನ್ನಾಗಿಯೇ ಇತ್ತು. ಆದರೆ ತುಂಗಭದ್ರೆಯಿಂದ ಮೇಲಕ್ಕೆ ನಕ್ಷೆಯಲ್ಲಿ ಏನೂ ಇರಲಿಲ್ಲ. ಕವಿರಾಜಮಾರ್ಗ ಹುಟ್ಟಿದ ನೃಪತುಂಗನ ಮಾನ್ಯಖೇಟ, ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ, ಆ ಬರಿದಾದ ಜಾಗದಲ್ಲಿಯೇ ಇದೆ. ಮೂವತ್ತೈದು ವರ್ಷ ಇತಿಹಾಸವನ್ನೂ ಕನ್ನಡವನ್ನೂ ಕಲಿಸಿದವನಿಗೆ ಇದು ಸ್ವಲ್ಪ ನೋವುಂಟುಮಾಡಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಟೀ-ಶರ್ಟನ್ನು ನಾನು ಜೀವಮಾನದಲ್ಲಿ ತೊಟ್ಟವನಲ್ಲ. ನಮ್ಮ ಕಾಲದವರ ಲೆಕ್ಕದಲ್ಲಿ ಅದು ಬನಿಯನ್ನು; ಅಂಗಿಯ ಒಳಗೆ ಇರಬೇಕಾದದ್ದು. ಅಮೆರಿಕದ ನೌಕಾಪಡೆಯವರಿಗೂ ಅದು ಮೊದಲು ಒಳ ಉಡುಪೇ ಆಗಿತ್ತಂತೆ. ಆದರೂ ಕೇಳಿದವನು ಮನೆಯ ಹುಡುಗ. ಮೊದಲು ಆ ಹಬ್ಬವೇನು, ಅದಕ್ಕೆ ಹಸಿರು ಏಕೆ ಎಂದು ತಿಳಿದುಕೊಂಡು ಆಮೇಲೆ ಉತ್ತರ ಕೊಡುತ್ತೇನೆ ಎಂದೆನು.

ಮಾರ್ಚ್ 17 ಸಂತ ಪ್ಯಾಟ್ರಿಕನು ತೀರಿಕೊಂಡ ದಿನವೆಂದು ಐರ್ಲೆಂಡಿನವರ ನಂಬಿಕೆ. ಆತ ಐದನೆಯ ಶತಮಾನದವನು, ಹುಟ್ಟಿನಿಂದ ಐರಿಷನಲ್ಲ. ರೋಮನ್ನರ ಬ್ರಿಟನ್ನಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ದರೋಡೆಕೋರರ ಕೈಗೆ ಸಿಕ್ಕಿ, ಐರ್ಲೆಂಡಿನಲ್ಲಿ ಗುಲಾಮನಾಗಿ ದನ ಕುರಿ ಕಾಯ್ದವನು. ತಪ್ಪಿಸಿಕೊಂಡು ಹೋದವನು ಮತ್ತೆ ಅದೇ ನಾಡಿಗೆ ಧರ್ಮಬೋಧಕನಾಗಿ ಹಿಂದಿರುಗಿದನು. ಶ್ಯಾಮ್‌ರಾಕ್ ಎಂಬ ಮೂರು ದಳದ ಸಣ್ಣ ಎಲೆಯನ್ನು ಹಿಡಿದು ತ್ರಿಮೂರ್ತಿ ತತ್ತ್ವವನ್ನು ಜನರಿಗೆ ತಿಳಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಈ ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು ಹದಿನೆಂಟನೆಯ ಶತಮಾನದಲ್ಲಿ. ಸಂತನು ತೀರಿಕೊಂಡು ಸಾವಿರದ ಇನ್ನೂರು ವರ್ಷಗಳ ನಂತರ. ಶರಣಬಸವೇಶ್ವರರ ಗುಡಿಗೆ ಮೂರೆಲೆಯ ಬಿಲ್ವಪತ್ರೆ ಒಯ್ಯುವ ನಮಗೆ ಇಂಥ ಕಥೆ ವಿಚಿತ್ರವೆನಿಸಬೇಕಾಗಿಲ್ಲ.

ನನಗೆ ಆಶ್ಚರ್ಯ ತಂದ ಸಂಗತಿ ಬೇರೆ. ಈ ಸಂತನ ಬಣ್ಣ ಮೊದಲು ಹಸಿರಾಗಿರಲಿಲ್ಲ. 1783ರಲ್ಲಿ ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆ ಸಂತ ಪ್ಯಾಟ್ರಿಕನ ಹೆಸರಿನಲ್ಲಿ ಒಂದು ಬಿರುದಿನ ಪಂಥವನ್ನು ಸ್ಥಾಪಿಸಿದಾಗ ಅದರ ಪಟ್ಟಿಗೆ ಆಕಾಶನೀಲಿಯನ್ನು ಆರಿಸಿದನು. ಇಂದಿಗೂ ಐರ್ಲೆಂಡಿನ ರಾಜ್ಯಲಾಂಛನದಲ್ಲಿ ವೀಣೆಯಂಥ ಹಾರ್ಪ್ ವಾದ್ಯ ನಿಂತಿರುವುದು ನೀಲಿಯ ಮೇಲೆಯೇ. ಹಸಿರನ್ನು ಎತ್ತಿ ಹಿಡಿದವರು ಬಂಡಾಯಗಾರರು. 1791ರಲ್ಲಿ ಹುಟ್ಟಿದ ಯುನೈಟೆಡ್ ಐರಿಷ್‌ಮೆನ್ ಸಂಘದವರು ಬ್ರಿಟಿಷ್ ಆಳ್ವಿಕೆಯ ವಿರುದ್ಧ 1798ರಲ್ಲಿ ದಂಗೆ ಎದ್ದು ಸೋತರು. ಅವರ ಬಣ್ಣ ಹಸಿರು. ಆ ದಿನಗಳಲ್ಲಿ ಟೋಪಿಗೆ ಹಸಿರು ಪಟ್ಟಿ ಸಿಕ್ಕಿಸಿಕೊಂಡವನನ್ನು ಸಿಪಾಯಿಗಳು ಸಂಶಯದಿಂದ ನೋಡುತ್ತಿದ್ದರು.

ಮುಂದೆ 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ಬಿದ್ದು ಘೋರ ಕ್ಷಾಮ ತಲೆದೋರಿತು. ಸುಮಾರು ಹತ್ತು ಲಕ್ಷ ಜನ ಸತ್ತರು; ಅದಕ್ಕೂ ಹೆಚ್ಚು ಜನ ಹಡಗು ಹತ್ತಿ ನಾಡು ಬಿಟ್ಟರು. ಹಬ್ಬವನ್ನು ಬೀದಿಯ ಮೆರವಣಿಗೆಯನ್ನಾಗಿ ಬೆಳೆಸಿದವರು ಹೆಚ್ಚಾಗಿ ಹೀಗೆ ಪರದೇಶ ಸೇರಿದವರು. ನ್ಯೂಯಾರ್ಕಿನ ಮೆರವಣಿಗೆ ಕ್ಷಾಮಕ್ಕೂ ಹಿಂದಿನದು, 1762ರಷ್ಟು ಹಳೆಯದು. ಸ್ವತಃ ಐರ್ಲೆಂಡಿನಲ್ಲಿ ಈ ದಿನಕ್ಕೆ ಸಾರ್ವಜನಿಕ ರಜೆ ದೊರೆತದ್ದು 1903ರಲ್ಲಿ. ಆ ರಜೆಗಾಗಿ ದುಡಿದವರಲ್ಲಿ 1893ರಲ್ಲಿ ಸ್ಥಾಪನೆಯಾದ ಗೇಲಿಕ್ ಲೀಗ್ ಮುಖ್ಯವಾದದ್ದು. ಸಾಯುತ್ತಿದ್ದ ಐರಿಷ್ ನುಡಿಯನ್ನು ಉಳಿಸಲೆಂದು ಹುಟ್ಟಿದ ಸಂಸ್ಥೆ ಅದು. ನಮ್ಮ ಧಾರವಾಡದ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದನ್ನು ನೆನೆದರೆ ಎರಡೂ ಸಮಕಾಲೀನವೇ.

ಇನ್ನೊಂದು ಋಣವೂ ಇದೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಿದ್ದರು. ಯುವಕರಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ನಿಮ್ಮ ತಾಯ್ನುಡಿಯಲ್ಲಿ ಏನು ಬರೆದಿದ್ದೀರಿ ಎಂಬ ಅರ್ಥದಲ್ಲಿ ಕಸಿನ್ಸರು ಕೇಳಿದ ಪ್ರಶ್ನೆಯೇ ಕುವೆಂಪು ಅವರನ್ನು ಕನ್ನಡಕ್ಕೆ ತಿರುಗಿಸಿತು. 2004ರಲ್ಲಿ ನಾಡಗೀತೆಯಾಗಿ ಸ್ವೀಕೃತವಾದ ಕುವೆಂಪು ಅವರ ಗೀತೆಯನ್ನು ನವೆಂಬರ್ 1ರಂದು ಪೊಲೀಸ್ ಕವಾಯತು ಮೈದಾನದಲ್ಲಿ ಹಾಡುವಾಗ ನಾನು ಆ ಐರಿಷ್ ಹಿರಿಯರನ್ನು ನೆನೆಯುವುದುಂಟು.

ಅವರ ಹಸಿರಿಗೆ ಇಷ್ಟು ಚರಿತ್ರೆಯಿದ್ದರೆ ನಮ್ಮ ಹಳದಿ-ಕೆಂಪಿಗೆ ಎಷ್ಟಿದೆ? ಹುಡುಗರು ಅದು ನೃಪತುಂಗನ ಕಾಲದ್ದೆಂದು ತಿಳಿದಿರುತ್ತಾರೆ. ಅಲ್ಲ. ಹೋರಾಟಗಾರರೂ ಪತ್ರಕರ್ತರೂ ಆಗಿದ್ದ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಧ್ವಜ ಅದು. ಮೇಲೆ ಅರಿಸಿನ, ಕೆಳಗೆ ಕುಂಕುಮ. ನನಗಿಂತ ಚಿಕ್ಕದು.

1956ರ ನವೆಂಬರ್ 1ರಂದು ನಾನು ಕಮಲಾಪುರದ ಶಾಲೆಯಲ್ಲಿ ಏಳು ವರ್ಷದ ಹುಡುಗ. ಹೈದರಾಬಾದ್ ರಾಜ್ಯದಿಂದ ನಾವು ಮೈಸೂರು ರಾಜ್ಯಕ್ಕೆ ಸೇರಿದ ದಿನ. ಮಾಸ್ತರರು ಕೈಗೆ ಕಾಗದದ ತ್ರಿವರ್ಣ ಧ್ವಜ ಕೊಟ್ಟರು, ಬಾಯಿಗೆ ಸಕ್ಕರೆ ಕೊಟ್ಟರು. ಕನ್ನಡದ ಬಣ್ಣವೆಂಬುದು ಆಗ ಇರಲೇ ಇಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ನಾನು ಹೊಸದಾಗಿ ಸೇರಿದ ಶಿಕ್ಷಕ. ಅಂದು ಎದೆಗೆ ಹಳದಿ-ಕೆಂಪು ರಿಬ್ಬನ್ನಿನ ತುಣುಕೊಂದನ್ನು ಗುಂಡುಪಿನ್ನಿನಿಂದ ಚುಚ್ಚಿಕೊಂಡೆವು. ಸಂಜೆ ಆ ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿಡುವುದು ನನ್ನ ಕೆಲಸವಾಗಿತ್ತು. ಆಮೇಲೆ ಕೊರಳಿಗೆ ಶಲ್ಯ ಬಂದಿತು. ನಾನು 2007ರಲ್ಲಿ ನಿವೃತ್ತನಾಗುವ ಹೊತ್ತಿಗೆ ಹುಡುಗರು ಧ್ವಜವನ್ನೇ ಟೀ-ಶರ್ಟಿನ ಮೇಲೆ ಅಚ್ಚು ಹಾಕಿಸಿ ಮೋಟಾರ್ ಸೈಕಲ್ ಏರಿದ್ದರು. ಬಣ್ಣ ಪಿನ್ನಿನಿಂದ ಇಡೀ ಎದೆಗೆ ಹರಡಲು ಮೂವತ್ತು ವರ್ಷ ಹಿಡಿಯಿತು.

ಬಣ್ಣಕ್ಕಾಗಿ ಬೆಲೆ ತೆತ್ತ ನೆನಪು ನಮ್ಮ ಮನೆಯಲ್ಲಿಯೂ ಇದೆ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ನಿಜಾಮರ ಸಂಸ್ಥಾನ ಒಕ್ಕೂಟಕ್ಕೆ ಸೇರಿರಲಿಲ್ಲ. ಇಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಸತ್ಯಾಗ್ರಹವಾಗಿತ್ತು. ಸ್ವಾಮಿ ರಮಾನಂದ ತೀರ್ಥರಂಥ ನಾಯಕರು ಅದಕ್ಕಾಗಿ ಬಂಧನಕ್ಕೊಳಗಾದರು. ನನ್ನ ಸೋದರಮಾವ ಅಂಗೈಯಗಲದ ಒಂದು ತ್ರಿವರ್ಣದ ಬಟ್ಟೆಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದನಂತೆ. ಮನೆಗೆ ತಪಾಸಣೆಗೆ ಬಂದಾಗ ಅಜ್ಜಿ ಅದನ್ನು ತೊಗರಿಬೇಳೆಯ ಗಡಿಗೆಯೊಳಗೆ ತುರುಕಿ, ಮೇಲೆ ಮೊರ ಮುಚ್ಚಿ ಕುಳಿತಳು. ಈ ಕಥೆಯನ್ನು ಅವ್ವ ಬೇಳೆ ಆರಿಸುವಾಗಲೆಲ್ಲ ಹೇಳುತ್ತಿದ್ದಳು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದ ಸೈನ್ಯಕ್ಕೆ ಶರಣಾಯಿತು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂದು ನಾವು ಆಚರಿಸುತ್ತಿರುವ ದಿನ ಅದು. ರಜಾಕಾರರ ಹಾವಳಿಯನ್ನು ಇಲ್ಲಿ ಎಲ್ಲರೂ ಬಲ್ಲರು. ಕಾರ್ಯಾಚರಣೆಯ ನಂತರದ ವಾರಗಳಲ್ಲಿ ನಮ್ಮ ಜಿಲ್ಲೆಯ ಮುಸಲ್ಮಾನ ಮನೆಗಳಿಗೂ ಸಾವು ನೋವು ಬಂದದ್ದನ್ನು ಸುಂದರಲಾಲ್ ಸಮಿತಿ ದಾಖಲಿಸಿದೆ. ತರಗತಿಯಲ್ಲಿ ನಾನು ಈ ಎರಡನೆಯ ಮಾತನ್ನು ಹೇಳದೆ ಮೊದಲನೆಯದನ್ನು ಹೇಳಿದ ವರ್ಷಗಳೂ ಇವೆ. ಆ ಬೆಂಚುಗಳಲ್ಲಿ ಉರ್ದು ಮನೆಮಾತಿನ ಹುಡುಗರು ಕುಳಿತಿರುತ್ತಿದ್ದರು. ಇದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಷ್ಟೆಲ್ಲ ಯೋಚಿಸಿದ ಮೇಲೂ ಚಿತ್ರ ಹೊಳೆಯಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಹುಮನಾಬಾದ ರಸ್ತೆಯಲ್ಲಿರುವ ನಮ್ಮೂರು ಕಮಲಾಪುರಕ್ಕೆ ಹೋದೆನು. ಈಗ ಅದು ತಾಲ್ಲೂಕು ಕೇಂದ್ರ. ತಮ್ಮನ ಮನೆಯಲ್ಲಿ ವಿಷಯ ಹೇಳಿದಾಗ ಎಲ್ಲರ ಬಾಯಲ್ಲಿ ಒಂದೇ ಮಾತು: "ಕೆಂಪು ಬಾಳಿಹಣ್ಣು ಹಾಕ್ರಿ!" ಅನ್ಯಾಯದ ಮಾತಲ್ಲ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಗೊನೆ ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಲ, ಬಹಳ ನೀರು, ಬಹಳ ಗೊಬ್ಬರ ಬೇಡುವ ಬೆಳೆ. ಆದ್ದರಿಂದಲೇ ಬೆಳೆಯುವವರು ಕೆಲವರು, ತಿನ್ನುವವರು ಶ್ರೀಮಂತರು. ನಾನು ಕಾಗದದ ಮೇಲೆ ಹಸಿರು ಬಳಿದು ಕೆಂಪು ಬಾಳೆಯನ್ನು ಬರೆದು ನೋಡಿದೆ. ಬದನೆಕಾಯಿಯಂತೆ ಕಂಡಿತು.

ಮಧ್ಯಾಹ್ನ ಹೊಲಕ್ಕೆ ಹೋದೆವು. ತೊಗರಿ ಎದೆಯೆತ್ತರ ಬೆಳೆದು ಹೂವಾಗಿತ್ತು. ತಮ್ಮನ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಡಬ್ಲಿನ್ನಿನಿಂದ ಬಂದ ಶ್ಯಾಮ್‌ರಾಕಿನ ಚಿತ್ರವನ್ನು ನನ್ನ ಫೋನಿನಲ್ಲಿ ನೋಡಿದ್ದ ಆಕೆ ಒಂದು ಟೊಂಗೆ ಮುರಿದು ತಂದು, "ಮುತ್ಯಾ, ಇದಕ್ಕೂ ಮೂರೇ ಎಲಿ ಅವ ನೋಡ್ರಿ" ಎಂದಳು.

ಎಪ್ಪತ್ತೈದು ವರ್ಷ ತೊಗರಿಯ ನಡುವೆ ಬದುಕಿದವನು ಎಣಿಸಿರಲಿಲ್ಲ. ಒಂದು ತೊಟ್ಟಿಗೆ ಮೂರು ಉದ್ದನೆಯ ದಳ. ಶ್ಯಾಮ್‌ರಾಕಿನ ದಳ ಗುಂಡಗೆ, ನಮ್ಮ ಮೆಂತ್ಯದ ಎಲೆಯಂತೆ, ತೊಗರಿಯದು ಚೂಪು. ಮೂರೂ ಒಂದೇ ಬೇಳೆಕಾಳಿನ ಕುಲಕ್ಕೆ ಸೇರಿದ ಗಿಡಗಳು. ಇನ್ನು ಹೂವು! ಹಳದಿ ಪಕಳೆ, ಅದರ ಬೆನ್ನ ಮೇಲೆ ಕೆಂಪು ಗೆರೆಗಳು. ರಾಮಮೂರ್ತಿಯವರ ಎರಡು ಬಣ್ಣಗಳೂ ಅಲ್ಲಿಯೇ ಇದ್ದವು. ಗುಲ್ಬರ್ಗಾ ತೊಗರಿಬೇಳೆಗೂ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಕಲಬುರಗಿಯನ್ನು ತೊಗರಿಯ ಕಣಜವೆಂದು ಕರೆಯುವುದು ನಿಮಗೆಲ್ಲ ತಿಳಿದದ್ದೇ. ಆ ಹುಡುಗಿಯೇ ರಾತ್ರಿ ಕುಳಿತು ಟೊಂಗೆಯನ್ನು ಬರೆದಳು: ಬಿಳಿ ಗೆರೆಯಲ್ಲಿ ಮೂರು ದಳ, ಪಕ್ಕದಲ್ಲಿ ಒಂದು ಹೂವು. ನಾನು ಕೆಳಗೆ ಎರಡು ಪದ ಬರೆದೆ: ಕನ್ನಡದ ಮೊಮ್ಮಕ್ಕಳು.

ಅರಮನೆಯನ್ನೂ ಕಲ್ಲಿನ ರಥವನ್ನೂ ಬಿಟ್ಟದ್ದಕ್ಕೆ ಡಬ್ಲಿನ್ನಿನ ಒಂದಿಬ್ಬರು ಮುನಿಸಿಕೊಂಡರು. ಬೇಳೆ ಸಾರು ಉಣ್ಣದ ಕನ್ನಡಿಗರ ಮನೆ ಯಾವುದಿದೆ ಎಂದು ಕೇಳಿ ಬರೆದೆನು. ಮೈಸೂರಿನ ತಾಯಿಯೊಬ್ಬರು ಮೊದಲು ಒಪ್ಪಿದರು. ಅದರ ಜೊತೆಗೆ ನಾನೊಂದು ಕರಾರನ್ನೂ ಹಾಕಿದೆ. ತೊಡುವ ಮಗು ತನ್ನ ಎದೆಯ ಮೇಲಿನ ಎರಡು ಪದಗಳನ್ನು ತಾನೇ ಓದಬೇಕು. ಓದಲು ಬಾರದವರಿಗೆ ಅಂಗಿ ಇಲ್ಲ. ಹದಿನಾಲ್ವರಲ್ಲಿ ಕನ್ನಡ ಅಕ್ಷರ ಬಲ್ಲವರು ಆಗ ಮೂವರು.

ಅಚ್ಚಿನ ಕೆಲಸ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಒಂದು ಅಂಗಡಿಯಲ್ಲಿ ಆಯಿತು. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ, ಮನೆಮಾತು ಉರ್ದು. ಬಟ್ಟೆ ಎಲ್ಲಿಯದು ಎಂದು ಕೇಳಿದೆ. ತಿರುಪ್ಪೂರಿನದು ಎಂದನು. ಆರನೆಯ ನಿಜಾಮ ಮಹಬೂಬ್ ಅಲಿಖಾನರ ಹೆಸರಿನ ಎಂ.ಎಸ್.ಕೆ. ಮಿಲ್ಲು ಹತ್ತೊಂಬತ್ತನೆಯ ಶತಮಾನದಿಂದ ಈ ಊರಿನಲ್ಲಿಯೇ ನೂಲು ತೆಗೆದು ಬಟ್ಟೆ ನೇಯುತ್ತಿತ್ತು. ಕೊನೆಗೆ ಸರ್ಕಾರದ ಜವಳಿ ನಿಗಮದ ಕೈಯಲ್ಲಿ ಮುಚ್ಚಿತು. ಈಗ ಅದು ಒಂದು ಬಡಾವಣೆಯ ಹೆಸರು. ಅದರ ಸೈರನ್ನು ಕೇಳಿ ಶಾಲೆಯ ಗಡಿಯಾರ ಸರಿಪಡಿಸುತ್ತಿದ್ದೆವು ಎಂದಾಗ ಅಂಗಡಿಯಲ್ಲಿದ್ದ ಯುವಕರು ನನ್ನನ್ನು ವಿಚಿತ್ರವಾಗಿ ನೋಡಿದರು.

ಸ್ಕ್ರೀನ್ ಪ್ರಿಂಟಿಂಗನ್ನು ನಾನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಹಚ್ಚುತ್ತಾರೆ. ಚಿತ್ರವನ್ನು ಕಪ್ಪಗೆ ಮೂಡಿಸಿದ ಫಿಲ್ಮನ್ನು ಅದರ ಮೇಲಿಟ್ಟು ಬೆಳಕು ಬಿಡುತ್ತಾರೆ. ಕಪ್ಪಿನಡಿಯ ಲೇಪ ಮೆತ್ತಗೆ ಉಳಿದು ನೀರಿಗೆ ತೊಳೆದುಹೋಗುತ್ತದೆ. ಆ ಕಿಂಡಿಗಳಿಂದ ರಬ್ಬರು ಪಟ್ಟಿಯ ಒತ್ತಿಗೆ ಶಾಯಿ ಬಟ್ಟೆಗೆ ಇಳಿಯುತ್ತದೆ. ಬಣ್ಣಕ್ಕೊಂದು ಚೌಕಟ್ಟು. ಹಸಿರಿನ ಮೇಲೆ ನೇರವಾಗಿ ಕೆಂಪು ಎಳೆದರೆ ಅದು ಮಂಕಾಗಿ ಕಂದು ತಿರುಗುತ್ತದೆ. ಆದ್ದರಿಂದ ಮೊದಲು ಬಿಳಿಯ ಹಾಸು ಹಾಕಿ, ಒಣಗಿಸಿ, ಅದರ ಮೇಲೆ ಹಳದಿ, ಆಮೇಲೆ ಕೆಂಪು. ಕೊನೆಗೆ ಸುಮಾರು 160 ಡಿಗ್ರಿ ಶಾಖಕ್ಕೆ ಹಿಡಿದರೆ ಶಾಯಿ ಗಟ್ಟಿಯಾಗಿ ಕೂಡುತ್ತದೆ. ಹದಿನೈದು ಅಂಗಿಗೆ ಮೂರು ಚೌಕಟ್ಟು ಕಟ್ಟುವುದು ದುಬಾರಿ ಎಂದು ಅವನೇ ಎಚ್ಚರಿಸಿದನು. ಆದರೂ ರಾಜ್ಯೋತ್ಸವದ ಚೌಕಟ್ಟುಗಳು ಖಾಲಿ ಇವೆ, ಅವನ್ನೇ ತೊಳೆದು ಬಳಸುತ್ತೇನೆ ಎಂದು ಒಪ್ಪಿಕೊಂಡನು. ಹೂವಿನ ಕೆಂಪು ಗೆರೆಗಳು ಜಾಲರಿಯಲ್ಲಿ ಮುಚ್ಚಿಹೋಗುವಷ್ಟು ತೆಳುವಾಗಿದ್ದವು. ಏಳನ್ನು ನಾಲ್ಕಕ್ಕಿಳಿಸಿ ದಪ್ಪ ಮಾಡಿದೆವು.

ತೊಂದರೆ ಬಂದದ್ದು ಅಕ್ಷರದಲ್ಲಿ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ನಾನು ಫೋನಿನಿಂದ ಕಳಿಸಿದ ಪದಗಳನ್ನು ತನ್ನ ಹಳೆಯ ತಂತ್ರಾಂಶಕ್ಕೆ ಹಾಗೆಯೇ ಅಂಟಿಸಿದ್ದನು. ಅದು ಒತ್ತಕ್ಷರವನ್ನು ಕೂಡಿಸಲಿಲ್ಲ. ಮಾದರಿಯ ಅಂಗಿಯಲ್ಲಿ 'ಕನ್‌ನಡದ ಮೊಮ್‌ಮಕ್‌ಕಳು' ಎಂದು ಮೂಡಿಬಂದಿತು. ಕನ್ನಡಕ ತೆಗೆದು ಬಣ್ಣವನ್ನಷ್ಟೇ ಮೆಚ್ಚುತ್ತಿದ್ದ ನಾನು ಗಮನಿಸಲಿಲ್ಲ. ಗಮನಿಸಿದವನು ಅಂಗಡಿಯ ಮಾಲೀಕ. ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದು ನಡಿಯಂಗಿಲ್ರಿ ಸರ, ಮೂರು ಒತ್ತು ಹೋಗ್ಯಾವ" ಎಂದನು. ನಿನಗೆ ಹೇಗೆ ಕಂಡಿತಪ್ಪಾ ಎಂದೆ. "ಒತ್ತು ತಪ್ಪಿದ್ರ ನೂರು ಸಲ ಬರಸ್ತಿದ್ರಿ. ಮರೀಲಾಕ ಆಗ್ತದೇನ್ರಿ?"

ಅವನು ನಗುತ್ತಲೇ ಹೇಳಿದನು. ಮನೆಯಲ್ಲಿ ಕನ್ನಡದ ಗಂಧವಿಲ್ಲದ ಹುಡುಗನಿಗೆ ನೂರು ಸಲ ಬರೆಯುವ ಶಿಕ್ಷೆ ಎಷ್ಟು ಭಾರವಾಗಿದ್ದಿರಬಹುದು ಎಂದು ನಾನು ಆಗ ಯೋಚಿಸಿರಲಿಲ್ಲ. ಅವನು ತಾನೇ ಕುಳಿತು ನುಡಿ ತಂತ್ರಾಂಶದಲ್ಲಿ ಎರಡು ಪದಗಳನ್ನು ಮತ್ತೆ ಬೆರಳಚ್ಚಿಸಿದನು. ಅಕ್ಷರ ಮತ್ತೆ ಒಡೆಯದಂತೆ ಅವನ್ನು ಚಿತ್ರದ ಗೆರೆಗಳಾಗಿ ಪರಿವರ್ತಿಸಿ ಹೊಸ ಫಿಲ್ಮು ತೆಗೆದನು. ಕೆಟ್ಟ ಫಿಲ್ಮಿನ ಹಣವನ್ನು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಪ್ರತಿ ಶನಿವಾರ ಸಂಜೆ ದೂರವಾಣಿಯ ಪರದೆಯಲ್ಲಿ ಪಾಠ ನಡೆಯಿತು. ಹನ್ನೊಂದು ಮಕ್ಕಳು. ನಲವತ್ತೊಂಬತ್ತು ಅಕ್ಷರಗಳನ್ನು ಕಲಿಸಲು ಸಮಯವಿರಲಿಲ್ಲ. ಎರಡು ಪದಗಳಿಗೆ ಬೇಕಾದ ಕ, ನ, ಡ, ದ, ಮ, ಳ, ಮೂರು ಒತ್ತು, ಎರಡು ಸ್ವರಚಿಹ್ನೆ, ಇಷ್ಟನ್ನೇ ಕಲಿಸಿದೆ. ಆಮೇಲೆ ಅದೇ ಅಕ್ಷರಗಳಿಂದ ಮನ, ದನ, ನದ, ಮಕ್ಕಳು, ನಮ್ಮ ಎಂದು ಬೇರೆ ಪದಗಳನ್ನು ಕಟ್ಟಿದೆವು. ಈ ಸಲ ಯಾರಿಗೂ ನೂರು ಸಲ ಬರೆಸಲಿಲ್ಲ. ಅಕ್ಕನ ಮೊಮ್ಮಗನ ಮಗಳಿಗೆ ಎಂಟು ವರ್ಷ. ಆಕೆ 'ಕನ್ನಡದ' ಎಂಬುದನ್ನು ಸಲೀಸಾಗಿ ಓದಿ, 'ಮೊ' ಎಂಬಲ್ಲಿ ಪ್ರತಿವಾರ ನಿಲ್ಲುತ್ತಿದ್ದಳು. ಮಂಗಳೂರಿನ ಹುಡುಗನೊಬ್ಬ ಐದನೆಯ ವಾರದಿಂದ ಬರುವುದನ್ನೇ ಬಿಟ್ಟನು.

ಫೆಬ್ರವರಿಯ ಕೊನೆಗೆ ಅಂಗಿಗಳು ಐದು ಕಿಲೋ ತೊಗರಿಬೇಳೆಯ ಜೊತೆ ಪೆಟ್ಟಿಗೆ ಸೇರಿದವು. ಹಿಂದಿನ ಶನಿವಾರ ಆ ಹುಡುಗಿ 'ಮೊಮ್ಮಕ್ಕಳು' ಎಂಬುದನ್ನು ಒಂದೇ ಉಸಿರಿನಲ್ಲಿ ಓದಿದ್ದಳು. ಮಂಗಳೂರಿನ ಹುಡುಗನ ಅಂಗಿಯನ್ನೂ ಕಳಿಸಿದೆನು. ಕರಾರು ಮುರಿದದ್ದು ನಾನೇ. 2025ರ ಮಾರ್ಚ್ 17ರಂದು ಡಬ್ಲಿನ್ನಿನ ಬೀದಿಯ ಬದಿಯಲ್ಲಿ ಹದಿನಾಲ್ಕು ಮಕ್ಕಳು ನಿಂತ ಭಾವಚಿತ್ರ ಬಂದಿತು. ಚಳಿಗೆ ಎಲ್ಲರೂ ಮೇಲೆ ಕೋಟು ಹಾಕಿಕೊಂಡು, ಚಿತ್ರಕ್ಕಾಗಿ ಗುಂಡಿ ಬಿಚ್ಚಿದ್ದರು. ಪಕ್ಕದಲ್ಲಿ ನಿಂತಿದ್ದ ಐರಿಷ್ ಅಜ್ಜಿಯೊಬ್ಬರು ಎಲೆಯನ್ನು ನೋಡಿ, ನಿಮ್ಮ ಶ್ಯಾಮ್‌ರಾಕ್ ಇಷ್ಟು ಉದ್ದವೇ ಎಂದು ಕೇಳಿದರಂತೆ. ಎಂಟು ವರ್ಷದವಳು, ಇದು ಸಾರು ಮಾಡುವ ಗಿಡ ಎಂದು ಉತ್ತರಿಸಿದಳಂತೆ.

ಹದಿನೈದನೆಯ ಅಂಗಿ ಕಮಲಾಪುರದ ಚಿತ್ರಗಾರ್ತಿಗೆ ಸೇರಿತು. ಒತ್ತು ಹೋದ ಮಾದರಿಯ ಅಂಗಿ ನನ್ನ ಬಳಿ ಇದೆ. ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ತೊಟ್ಟು ನೋಡಿದೆ. ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ.